ಸರ್ವರ್ ಏಳುತ್ತದೆ, ಇನ್‌ಸ್ಟಾಲ್ ಮಾತ್ರ ಫೇಲ್

ಬದಿಯಡ್ಕದ ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆಯ ಲೈಬ್ರರಿಗೆ ಕೋಹಾ (ಪುಸ್ತಕಗಳ ಲೆಕ್ಕ ಇಡುವ ಲೈಬ್ರರಿ ತಂತ್ರಾಂಶ) ಹಾಕಿಕೊಡಲು ಒಪ್ಪಿಕೊಂಡಿದ್ದೆ. ಯಂತ್ರ ಹಳೆಯದು, ಉಬುಂಟು 18.04. ಕೇರಳದ ಶಾಲೆಗಳಲ್ಲಿ ಮಕ್ಕಳು ಐಟಿ ಪಾಠ ಕಲಿಯುವುದೇ ಉಬುಂಟುವಿನಲ್ಲಿ, ಆದ್ದರಿಂದ ಲಿನಕ್ಸ್ ಎಂದರೆ ಅಲ್ಲಿ ಯಾರಿಗೂ ಹೆದರಿಕೆ ಇಲ್ಲ. ಕೋಹಾಕ್ಕೆ ಮಾಹಿತಿ ಇಡಲು ಡೇಟಾಬೇಸ್ ಸರ್ವರ್ ಬೇಕು; ಯಾರೋ ಮೊದಲೇ ಹಾಕಿಟ್ಟಿದ್ದ ಮೈಎಸ್‌ಕ್ಯುಎಲ್ 5.7 ತೆಗೆದು, ಅದೇ ಕೆಲಸ ಮಾಡುವ ಮರಿಯಾಡಿಬಿ 10.1 ಹಾಕಲು ಹೊರಟೆ.

ಇನ್‌ಸ್ಟಾಲ್ ಮಾಡುವ ಆ್ಯಪ್ಟ್ 'ಸೆಟ್ಟಿಂಗ್ ಅಪ್' ಎಂಬಲ್ಲಿಗೆ ಬಂದು ಕೂತುಬಿಟ್ಟಿತು. ಸುಮಾರು ಹೊತ್ತು ಕಳೆದ ಮೇಲೆ ಅದರ ಕೈಕೆಳಗೆ ಕೆಲಸ ಮಾಡುವ ಡಿಪಿಕೆಜಿಯ ಕೆಂಪು ಎರರ್, ಎಕ್ಸಿಟ್ ಸ್ಟೇಟಸ್ 1, ಅಂದರೆ ಕೆಲಸ ಫೇಲ್. ಪಕ್ಕದಲ್ಲಿದ್ದ ಐಟಿ ಮಾಷ್ಟ್ರು, "ಪೂರ್ತಿ ಕಿತ್ತು ಪುನಃ ಹಾಕಿದರೆ ಆಗ್ಲಿಕ್ಕಿಲ್ವಾ?" ಎಂದರು. ಫೋನಿನಲ್ಲಿ ಸಿಕ್ಕ ಗೆಳೆಯನದ್ದೂ ಅದೇ ಮಾತು: "ಪರ್ಜ್ ಹೊಡಿ ಮಾರಾಯ." ಈ ಮದ್ದು ನನಗೆ ಹಿಡಿಸುವುದಿಲ್ಲ. ಪರ್ಜ್ ಎಂದರೆ ಸೆಟ್ಟಿಂಗ್ ಸಮೇತ ಕಿತ್ತುಹಾಕುವುದು. ಹಾಗೆ ಮಾಡುವಾಗ 'ಡೇಟಾಬೇಸುಗಳನ್ನೂ ಅಳಿಸಲೇ?' ಎಂಬ ಪ್ರಶ್ನೆ ಬರುತ್ತದೆ, ಅವಸರದಲ್ಲಿ 'ಹೌದು' ಎಂದವರ ಡೇಟಾ ಹೋಯಿತೆಂದೇ ಲೆಕ್ಕ. ಕಾರಣ ತಿಳಿಯದೆ ಪುನಃ ಹಾಕಿದರೆ ಪುನಃ ಅದೇ ಎರರ್.

ಡಿಸ್ಕ್ ತುಂಬಿರಲಿಲ್ಲ. ಡೇಟಾಬೇಸ್ ಸರ್ವರ್ ಬಳಸುವ 3306 ಪೋರ್ಟನ್ನು ಬೇರೆ ಯಾವುದೂ ಹಿಡಿದಿರಲಿಲ್ಲ. ಹಾಗಾದರೆ ಲಾಗ್ (ಯಂತ್ರ ಬರೆದಿಡುವ ದಿನಚರಿ) ಓದಬೇಕು. ಸರ್ವಿಸಿನ ಸ್ಥಿತಿ ಹೇಳುವ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ತೋರಿಸುವುದು ಕೊನೆಯ ಹತ್ತು ಸಾಲು, ಅದು ಸಾಲದು. ಒಂದು ಕಿಟಕಿಯಲ್ಲಿ ಇಡೀ ಯಂತ್ರದ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್, ಇನ್ನೊಂದರಲ್ಲಿ ಡೇಟಾಬೇಸಿನ ಎರರ್ ಲಾಗ್ ತೆರೆದು ಹೊತ್ತು ತಾಳೆ ಹಾಕಿದೆ. ಎರರ್ ಲಾಗಿನಲ್ಲಿ 'ರೆಡಿ ಫಾರ್ ಕನೆಕ್ಷನ್ಸ್' ಅಂತ ಚೆನ್ನಾಗಿಯೇ ಬಂದಿದೆ! ಜರ್ನಲ್‌ನಲ್ಲಿ ಮಾತ್ರ ಒಂದೂವರೆ ನಿಮಿಷದ ಬಳಿಕ 'ಸ್ಟಾರ್ಟ್ ಆಪರೇಷನ್ ಟೈಮ್ಡ್ ಔಟ್'. ಸರ್ವಿಸನ್ನು ಪುನಃ ಚಾಲೂ ಮಾಡಿ, ಅದು ಒದ್ದಾಡುತ್ತಿರುವಾಗಲೇ ಬೇರೆ ಟರ್ಮಿನಲ್‌ನಿಂದ ಲಾಗಿನ್ ಆದೆ. ಪ್ರಾಂಪ್ಟ್ ಬಂತು, ಶೋ ಡೇಟಾಬೇಸಸ್ ಎಂದರೆ ಪಟ್ಟಿಯೂ ಬಂತು. 90 ಸೆಕೆಂಡ್ ಮುಗಿದದ್ದೇ ತಡ, 'ಸರ್ವರ್ ಹ್ಯಾಸ್ ಗಾನ್ ಅವೇ'. ಮಾಷ್ಟ್ರು ನಕ್ಕರು.

ಅಂದರೆ ಸರ್ವರಿಗೆ ರೋಗವಿಲ್ಲ. 'ನಾನು ತಯಾರು' ಎಂದು ಅದು ಸರ್ವಿಸುಗಳನ್ನು ಚಾಲೂ ಮಾಡುವ, ನಿಲ್ಲಿಸುವ ಸಿಸ್ಟಮ್‌ಡಿಗೆ ಕಳಿಸುವ ಸಂದೇಶ ದಾರಿಯಲ್ಲೇ ಕಟ್ಟಾಗುತ್ತಿದೆ. ಉತ್ತರ ಬಾರದ್ದರಿಂದ ಸಿಸ್ಟಮ್‌ಡಿ ಅದನ್ನು ನಿಲ್ಲಿಸುತ್ತಿದೆ. ಕರ್ನೆಲ್‌ನ (ಲಿನಕ್ಸಿನ ತಿರುಳು) ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ ಹುಡುಕಿದಾಗ ತಡೆಯುವವನು ಸಿಕ್ಕಿಬಿದ್ದ: ಯಾವ ಪ್ರೋಗ್ರಾಮು ಏನು ಮಾಡಬಹುದೆಂದು ಮಿತಿ ಹಾಕುವ ಆ್ಯಪ್‌ಆರ್ಮರ್, 'ಡಿನೈಡ್', ಆಪರೇಷನ್ 'ಸೆಂಡ್‌ಮೆಸೇಜ್', ಪ್ರೊಫೈಲ್ (ನಿಯಮಪಟ್ಟಿ) ಮೈಎಸ್‌ಕ್ಯುಎಲ್‌ಡಿ, ಅಂದರೆ ಮೈಎಸ್‌ಕ್ಯುಎಲ್ ಸರ್ವರಿನದ್ದು.

ಇದರ ಬೇರು ಹಳೆಯದು. ಮೈಎಸ್‌ಕ್ಯುಎಲ್ ಕಟ್ಟಿದವರಲ್ಲಿ ಒಬ್ಬರಾದ ಮೈಕೆಲ್ ವಿಡೇನಿಯಸ್ ಅವರೇ 2009ರಲ್ಲಿ ಮರಿಯಾಡಿಬಿಯನ್ನು ಕವಲಾಗಿ ತೆಗೆದದ್ದು. ಹಳೆ ಪ್ರೋಗ್ರಾಮುಗಳಿಗೆ ತೊಂದರೆಯಾಗದಿರಲಿ ಎಂದು ಫೈಲುಗಳ ಹೆಸರನ್ನು ಹಾಗೆಯೇ ಉಳಿಸಿಕೊಂಡರು. ಆ್ಯಪ್‌ಆರ್ಮರ್ ಪ್ರೋಗ್ರಾಮನ್ನು ಗುರುತಿಸುವುದು ಅದರ ಪಾತ್‌ನಿಂದ (ಫೈಲು ಇರುವ ವಿಳಾಸ), ಮನೆ ನಂಬರು ನೋಡಿ ಆಳನ್ನು ತೀರ್ಮಾನಿಸುವ ಕಾವಲುಗಾರನ ಹಾಗೆ. ಮೈಎಸ್‌ಕ್ಯುಎಲ್ ಹೋದರೂ ಅದರ ನಿಯಮ ಕರ್ನೆಲ್‌ನಲ್ಲಿ ಉಳಿದಿತ್ತು. ಅದೇ ಪಾತ್‌ಗೆ ಬಂದ ಮರಿಯಾಡಿಬಿಗೆ ಅದೇ ಅನ್ವಯವಾಯಿತು. ಆ್ಯಪ್‌ಆರ್ಮರ್‌ನ ಸ್ಥಿತಿ ತೋರಿಸುವ ಎಎ-ಸ್ಟೇಟಸ್ ಕೊಟ್ಟು ನೋಡಿದರೆ ಎನ್‌ಫೋರ್ಸ್ (ಜಾರಿಯಲ್ಲಿರುವ) ಪಟ್ಟಿಯಲ್ಲಿ ಮೈಎಸ್‌ಕ್ಯುಎಲ್‌ಡಿ ಠೀವಿಯಿಂದ ಕೂತಿತ್ತು.

ಪರಿಹಾರ ಅಷ್ಟೇನೂ ದೊಡ್ಡದಲ್ಲ. ಆ್ಯಪ್‌ಆರ್ಮರ್ ಪಾರ್ಸರ್‌ಗೆ ರಿಮೂವ್ ಆಯ್ಕೆ ಕೊಟ್ಟು ಆ ಪ್ರೊಫೈಲನ್ನು ಕರ್ನೆಲ್‌ನಿಂದ ಇಳಿಸಿದೆ. ರೀಬೂಟ್ ಆದಾಗ ಮರಳದಂತೆ ಉಳಿದಿದ್ದ ಹಳೆ ಪ್ರೊಫೈಲ್ ಫೈಲನ್ನೂ ಬದಿಗಿಟ್ಟೆ. ಆಮೇಲೆ ಡಿಪಿಕೆಜಿಗೆ 'ಕಾನ್ಫಿಗರ್ ಆಲ್' ಕೊಟ್ಟರೆ ಅರ್ಧಕ್ಕೆ ನಿಂತ ಪ್ಯಾಕೇಜು ತಕ್ಷಣ ಮುಗಿಯಿತು. ಕೋಹಾ ಹತ್ತಿಸುವುದಕ್ಕೆ ಮತ್ತೆ ತಡವಾಗಲಿಲ್ಲ.

ಮರಿಯಾಡಿಬಿ 10.5ರಿಂದ ಮುಖ್ಯ ಫೈಲಿನ ಹೆಸರೇ ಮರಿಯಾಡಿಬಿಡಿ ಎಂದಾಗಿದೆ, ಹಾಗಾಗಿ ಹೊಸ ಉಬುಂಟುವಿನಲ್ಲಿ ಈ ಗೋಳು ಕಡಿಮೆ. ಹಳೆ ಯಂತ್ರ ಕೈಗೆ ಬಂದರೆ, ಅದರಲ್ಲಿ ಮೊದಲು ಮೈಎಸ್‌ಕ್ಯುಎಲ್ ಇತ್ತೆಂದು ತಿಳಿದರೆ, ನಾನು ಎಎ-ಸ್ಟೇಟಸ್ ನೋಡಿಯೇ ಇನ್‌ಸ್ಟಾಲ್‌ಗೆ ಕೈ ಹಾಕುವುದು.