ದಿನದ ಸುದ್ದಿಬುತ್ತಿ ಕಟ್ಟುವ ಬಗೆ

ಬಡಾವಣೆಯ ವಾಚನಾಲಯದ ಫಲಕಕ್ಕಾಗಲಿ, ಗೆಳೆಯರ ವಾಟ್ಸ್ಆ್ಯಪ್ ಬಳಗಕ್ಕಾಗಲಿ, ಜಗತ್ತಿನ ಸುದ್ದಿ, ಸಂಸ್ಕೃತಿ ಮತ್ತು ಅಂತರಜಾಲದ ಸೋಜಿಗಗಳನ್ನು ಕೂಡಿಸಿ ದಿನಕ್ಕೊಂದು ಪುಟ ಸಿದ್ಧಪಡಿಸುವವರು, ಐದಕ್ಕಿಂತ ಹೆಚ್ಚು ಸಂಗತಿ ಸೇರಿಸುವುದಿಲ್ಲವೆಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಆರಿಸುವುದಕ್ಕೆ ಹತ್ತು ನಿಮಿಷ ಸಾಕು. ಹೊತ್ತು ಹಿಡಿಯುವುದು ಪರಿಶೀಲನೆಗೆ.

ವಿದೇಶದ ಸುದ್ದಿಯನ್ನು ಎರಡು ಕಡೆ ಓದಬೇಕು. ಎರಡು ಪತ್ರಿಕೆಗಳೂ ರಾಯಿಟರ್ಸ್ ಅಥವಾ ಪಿಟಿಐಯಂಥ ಸುದ್ದಿಸಂಸ್ಥೆ ಕಳಿಸಿದ ಒಂದೇ ವರದಿಯನ್ನು ಅಚ್ಚು ಹಾಕಿದ್ದರೆ ಅದನ್ನು ಒಂದೇ ಮೂಲವೆಂದು ಎಣಿಸಬೇಕು. ಮಿಲಿಯನ್ ಎಂದರೆ 10 ಲಕ್ಷ, ಬಿಲಿಯನ್ ಎಂದರೆ 100 ಕೋಟಿ. ಅವಸರದಲ್ಲಿ ಒಂದು ಸೊನ್ನೆ ಜಾರುವುದು ಸಾಮಾನ್ಯವಾದ್ದರಿಂದ ಇದನ್ನು ಕಾಗದದ ಮೇಲೆ ಬರೆದೇ ಲೆಕ್ಕ ಹಾಕುವುದು ಕ್ಷೇಮ.

ಸಾಂಸ್ಕೃತಿಕ ಸುದ್ದಿಯಲ್ಲಿ ಎಡವುವುದು ಹೆಸರು ಮತ್ತು ತಾರೀಖಿನಲ್ಲಿ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಸಂದದ್ದು ಅಂತರರಾಷ್ಟ್ರೀಯ ಬೂಕರ್. ಬರೀ ‘ಬೂಕರ್’ ಎಂದು ಬರೆದರೆ ಅದು ಬೇರೆಯದೇ ಪ್ರಶಸ್ತಿಯಾಗುತ್ತದೆ. ಲಂಡನ್ನಿನಲ್ಲಿ ಮೇ 20ರ ರಾತ್ರಿ ಹೆಸರು ಪ್ರಕಟವಾದಾಗ ಕರ್ನಾಟಕದಲ್ಲಿ ಮೇ 21 ಆರಂಭವಾಗಿತ್ತು. ಆದ್ದರಿಂದ ‘ನಿನ್ನೆ’, ‘ಇಂದು’ ಎನ್ನದೆ ಊರು ಮತ್ತು ತಾರೀಖನ್ನೇ ಕೊಡಬೇಕು.

ಅತಿ ಹೆಚ್ಚು ಅನುಮಾನ ಬೇಕಾದದ್ದು ಸೋಜಿಗದ ಮೇಲೆ. ಯುದ್ಧದ ವರದಿಯನ್ನು ಹತ್ತಾರು ಪತ್ರಕರ್ತರು ತಿರುವಿ ನೋಡಿರುತ್ತಾರೆ. ತಮಾಷೆಯ ಚಿತ್ರವನ್ನು ಎಲ್ಲರೂ ನಕ್ಕು ಮುಂದೆ ತಳ್ಳಿರುತ್ತಾರೆ. ‘ದೀಪಾವಳಿಯ ರಾತ್ರಿ ನಾಸಾ ತೆಗೆದ ಭಾರತದ ಚಿತ್ರ’ ಎಂದು ವರ್ಷವರ್ಷವೂ ಬರುವ ಬಣ್ಣಬಣ್ಣದ ನಕ್ಷೆಯನ್ನೇ ನೋಡಿ. ಅದು ಅಮೆರಿಕದ ಹವಾಮಾನ ಉಪಗ್ರಹಗಳು ಹಲವು ವರ್ಷ ಕಲೆಹಾಕಿದ ಮಾಹಿತಿಯಿಂದ ರಚಿಸಿದ್ದು. 1992, 1998 ಮತ್ತು 2003ರಲ್ಲಿ ಹೊಸದಾಗಿ ಕಾಣಿಸಿದ ಬೆಳಕಿಗೆ ಒಂದೊಂದು ಬಣ್ಣ ಹಚ್ಚಿದ್ದಾರೆ. 2012ರ ನವೆಂಬರಿನಲ್ಲಿ ನಾಸಾ ದೀಪಾವಳಿಯ ದಿನಗಳ ನಿಜವಾದ ಚಿತ್ರವನ್ನೇ ಪ್ರಕಟಿಸಿ, ಹಬ್ಬದ ಹೆಚ್ಚುವರಿ ಬೆಳಕು ಬಾಹ್ಯಾಕಾಶದಿಂದ ಗುರುತಿಸಲಾಗದಷ್ಟು ಕ್ಷೀಣವೆಂದು ತಿಳಿಸಿತು. ಹಾಗಿದ್ದೂ ಆ ನಕ್ಷೆ ಪ್ರತಿ ವರ್ಷ ಹಣತೆಗಿಂತ ಮೊದಲೇ ಮನೆಗೆ ಬರುತ್ತದೆ! ಇಂಥ ಚಿತ್ರ ಸಿಕ್ಕಾಗ ಅದನ್ನು ಗೂಗಲ್ ಲೆನ್ಸ್‌ನಂಥ ಚಿತ್ರಶೋಧಕ್ಕೆ ಹಾಕಿ, ಸಿಗುವ ಪ್ರತಿಗಳಲ್ಲಿ ಎಲ್ಲಕ್ಕಿಂತ ಹಳೆಯದನ್ನು ಹುಡುಕಿ, ಅಲ್ಲಿನ ಅಡಿಬರಹವನ್ನು ಓದಬೇಕು.

ಹೊಸ ಸೋಜಿಗ ಸಿಗದ ದಿನ ಹಳೆಯದೊಂದನ್ನು ಹಾಕಿದರೂ ಕೊರತೆಯಿಲ್ಲ. ಕೇಂಬ್ರಿಜ್‌ನ ಗಣಕವಿಜ್ಞಾನಿಗಳು, ಕಾಫಿ ಇದೆಯೇ ಎಂದು ನೋಡಲು ಎದ್ದುಹೋಗುವ ಶ್ರಮ ತಪ್ಪಿಸಿಕೊಳ್ಳಲು, 1991ರಲ್ಲಿ ಕಾಫಿ ಪಾತ್ರೆಯ ಮುಂದೆ ಕ್ಯಾಮೆರಾ ಇಟ್ಟರು. 1993ರಿಂದ 2001ರವರೆಗೆ ಜಗತ್ತೇ ಆ ಪಾತ್ರೆಯನ್ನು ಅಂತರಜಾಲದಲ್ಲಿ ನೋಡಿತು.

ಪುಟ ಹೊರಟ ಮೇಲೆ ತಪ್ಪು ಕಂಡರೆ ಮಾರನೆಯ ದಿನದ ಮೊದಲ ಸಾಲಿನಲ್ಲೇ ತಿದ್ದುಪಡಿ ಹಾಕಿ.