ಬ್ರಿಟನ್ನಿನಲ್ಲಿ ಹಳೇ ಕಾರು ಕೊಂಡಿರಾ? ಮೊದಲ 30 ದಿನ ಕೈತಪ್ಪದಂತೆ ನೋಡಿಕೊಳ್ಳಿ

ಇನ್ಶೂರೆನ್ಸ್ ದುಬಾರಿ, ಹಳೇ ಮಾಲೀಕ ಕಟ್ಟಿದ ರಸ್ತೆ ತೆರಿಗೆ ನಮಗೆ ಬರುವುದಿಲ್ಲ, ಕಾರಿನ ನಂಬರ್ ಹಾಕಿದರೆ ಎಂಒಟಿ (ಕಾರಿಗೆ ವರ್ಷಕ್ಕೊಮ್ಮೆ ಮಾಡಿಸಬೇಕಾದ ಕಡ್ಡಾಯ ಪರೀಕ್ಷೆ) ಇತಿಹಾಸ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಇಷ್ಟನ್ನು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಡೀಲರ್ ಹತ್ತಿರ ಕೊಂಡ ಕಾರು ಎರಡೇ ವಾರಕ್ಕೆ ಕೆಟ್ಟರೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಹೊಸದಾಗಿ ಬಂದ ನಮ್ಮವರು ಪದೇ ಪದೇ ಅದೇ ಗುಂಡಿಗೆ ಬೀಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿನ ಕಾನೂನಿನ ಹೆಸರು ಕನ್ಸ್ಯೂಮರ್ ರೈಟ್ಸ್ ಆಕ್ಟ್ 2015. ಡೀಲರ್ ಮಾರುವ ಕಾರು ಅದರ ವಯಸ್ಸು, ಬೆಲೆ, ಓಡಿದ ಮೈಲಿಗೆ ತಕ್ಕಷ್ಟು ಚೆನ್ನಾಗಿರಬೇಕು. ಓಡಿಸಲು ಯೋಗ್ಯವಾಗಿರಬೇಕು. ಜಾಹೀರಾತಿನಲ್ಲಿ ಏನು ಹೇಳಿದ್ದಾರೋ ಹಾಗೆಯೇ ಇರಬೇಕು. ಹತ್ತು ವರ್ಷದ ಕಾರಿನ ಸೀಟು ಸವೆದಿದೆ ಅಂತ ಜಗಳಕ್ಕೆ ಹೋಗುವಂತಿಲ್ಲ. ಆದರೆ ಕೊಂಡ ದಿನವೇ ಇದ್ದ ದೊಡ್ಡ ದೋಷ ಆಮೇಲೆ ಕಾಣಿಸಿಕೊಂಡರೆ, 30 ದಿನದೊಳಗೆ ಕಾರು ವಾಪಸ್ ಕೊಟ್ಟು ಪೂರ್ತಿ ಹಣ ಕೇಳಬಹುದು. ನೀವು ಓಡಿಸಿದ್ದಕ್ಕೆ ಅಂತ ಒಂದು ಪೌಂಡನ್ನೂ ಮುರಿದುಕೊಳ್ಳುವಂತಿಲ್ಲ.

ಎಡವುವುದು ಇಲ್ಲೇ. ದಾವಣಗೆರೆ ಕಡೆಯ ಒಂದು ಕುಟುಂಬ ನನಗೆ ಗೊತ್ತು. ಚಿಕ್ಕ ಮಗು ಇದೆ ಅಂತ ಆಟೋಮ್ಯಾಟಿಕ್ ಕಾರು ಕೊಂಡರು. ಎರಡು ವಾರಕ್ಕೆ ಗೇರ್‌ಬಾಕ್ಸ್ ಎಳೆಯತೊಡಗಿತು. ಡೀಲರಿಗೆ ಫೋನ್ ಮಾಡಿದರು. ಆತ ತುಂಬಾ ಒಳ್ಳೆಯ ಮಾತಾಡಿದ: "ಮುಂದಿನ ವಾರ ತನ್ನಿ, ನೋಡೋಣ." ಮುಂದಿನ ವಾರ ಮೆಕ್ಯಾನಿಕ್ ರಜೆ. ಆಮೇಲೆ, "ನಿಮಗೆ ಮೂರು ತಿಂಗಳ ವಾರಂಟಿ ಕೊಟ್ಟಿದ್ದೀವಲ್ಲ, ಆ ಕಂಪನಿಗೆ ಹೇಳಿ." ವಾರಂಟಿ ಕಂಪನಿ ಫಾರ್ಮ್ ತುಂಬಿಸಿಕೊಂಡು, ಫೋಟೋ ಕೇಳಿ, ಕೊನೆಗೆ ಇದು ಸವೆತ, ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಅಂತು. ಅಷ್ಟರಲ್ಲಿ 30 ದಿನ ದಾಟಿತ್ತು. ಡೀಲರ್ ದನಿ ಬದಲಾಯಿತು. ಇವರ ಕೈಯಲ್ಲಿ ಒಂದು ಇಮೇಲ್ ಕೂಡ ಇರಲಿಲ್ಲ. ಎಲ್ಲ ಮಾತೂ ಫೋನಿನಲ್ಲೇ ಆಗಿತ್ತು.

ವಾರಂಟಿ ಅನ್ನುವುದು ಮೇಲಿಂದ ಕೊಟ್ಟ ಅನುಕೂಲ, ಅಷ್ಟೇ. ಅದು ಇದ್ದರೂ ಇಲ್ಲದಿದ್ದರೂ ಕಾನೂನಿನ ಹೊಣೆ ಮಾರಿದ ಡೀಲರ್ ಮೇಲೇ ಇರುತ್ತದೆ. ಆತ ನಿಮ್ಮನ್ನು ವಾರಂಟಿ ಕಂಪನಿಯ ಹತ್ತಿರ ಕಳಿಸಿದರೆ ದಯವಿಟ್ಟು ಸುಮ್ನೆ ಹೋಗಬೇಡಿ. ಅಲ್ಲಿ ಓಡಾಡುವಷ್ಟು ದಿನವೂ ನಿಮ್ಮ 30 ದಿನದ ಲೆಕ್ಕದಲ್ಲೇ ಕಳೆಯುತ್ತದೆ.

ಆದ್ದರಿಂದ ದೋಷ ಕಂಡ ದಿನವೇ ಡೀಲರಿಗೆ ಇಮೇಲ್ ಹಾಕಿ. ಕಾರಿನ ನಂಬರ್, ಕೊಂಡ ತಾರೀಖು, ಏನು ಕೆಟ್ಟಿದೆ, ಯಾವಾಗ ಗೊತ್ತಾಯಿತು, ಇಷ್ಟು ಸಾಕು. ವಾಪಸ್ ಕೊಡುವುದಾದರೆ "2015ರ ಕನ್ಸ್ಯೂಮರ್ ರೈಟ್ಸ್ ಆಕ್ಟ್ ಪ್ರಕಾರ ಈ ಕಾರನ್ನು ರಿಜೆಕ್ಟ್ ಮಾಡುತ್ತಿದ್ದೇನೆ, ಪೂರ್ತಿ ಹಣ ಹಿಂದಿರುಗಿಸಿ" ಅಂತ ಇಂಗ್ಲಿಷಿನಲ್ಲಿ ನೇರವಾಗಿ ಬರೆಯಿರಿ. "ಸ್ವಲ್ಪ ತೊಂದರೆ ಇದೆ, ನೋಡ್ತೀರಾ" ಅಂದರೆ ಅದು ರಿಪೇರಿ ಕೇಳಿದ ಹಾಗೆ ಆಗಬಹುದು. ಬರೆದ ಮೇಲೆ ಆ ಕಾರನ್ನು ಓಡಿಸಬೇಡಿ. ಡೀಲರ್ ಒಪ್ಪಿದ ದಿನದಿಂದ 14 ದಿನದೊಳಗೆ ಹಣ ಬರಬೇಕು.

ಇನ್ನೊಂದು ಸೂಕ್ಷ್ಮ ಇದೆ. ಈ 30 ದಿನದ ಹಕ್ಕು ಬಳಸುವಾಗ ದೋಷ ಮೊದಲಿಂದಲೂ ಇತ್ತು ಅಂತ ತೋರಿಸಬೇಕಾದವರು ನೀವೇ. ಹಾಗಾಗಿ ಬೇರೆ ಗ್ಯಾರೇಜಿನಲ್ಲಿ ತೋರಿಸಿ, ದುಡ್ಡು ಕೊಟ್ಟಾದರೂ ಬರವಣಿಗೆಯಲ್ಲಿ ವರದಿ ತೆಗೆದುಕೊಳ್ಳಿ.

ರಿಪೇರಿಯೇ ಸಾಕು ಅನಿಸಿದರೆ ಅದನ್ನೂ ಕೇಳಬಹುದು. ರಿಪೇರಿ ನಡೆಯುವಷ್ಟು ಕಾಲ 30 ದಿನದ ಲೆಕ್ಕ ನಿಲ್ಲುತ್ತದೆ. ಕಾರು ಕೈಗೆ ಬಂದ ಮೇಲೆ ಕನಿಷ್ಠ 7 ದಿನ ನಿಮಗೆ ಉಳಿದಿರುತ್ತದೆ. ರಿಪೇರಿ ಕೇಳಿದ್ದಕ್ಕೆ ಮತ್ತು ಕಾರು ಬಿಟ್ಟು ಬಂದ ತಾರೀಖಿಗೆ ದಾಖಲೆ ಇಟ್ಟುಕೊಳ್ಳಿ.

30 ದಿನ ದಾಟಿತು ಅಂತ ಎಲ್ಲ ಮುಗಿಯಲಿಲ್ಲ. ಆರು ತಿಂಗಳೊಳಗೆ ಡೀಲರಿಗೆ ಒಂದು ಸಲ ಸರಿಮಾಡುವ ಅವಕಾಶ ಕೊಡಬೇಕು. ಈ ಹಂತದಲ್ಲಿ ದೋಷ ಮೊದಲು ಇರಲಿಲ್ಲ ಅಂತ ಸಾಬೀತು ಮಾಡುವ ಭಾರ ಆತನದು. ಆ ಒಂದು ರಿಪೇರಿ ಕೈಕೊಟ್ಟರೆ ಕಾರು ವಾಪಸ್ ಕೊಡಬಹುದು, ಆದರೆ ಓಡಿಸಿದ್ದಕ್ಕೆ ಸ್ವಲ್ಪ ಹಣ ಮುರಿದುಕೊಳ್ಳಬಹುದು. ಆ ದಾವಣಗೆರೆಯವರಿಗೂ ಈ ದಾರಿ ತೆರೆದೇ ಇತ್ತು. ಗೊತ್ತಿಲ್ಲದೆ ತಮ್ಮ ದುಡ್ಡಿನಲ್ಲೇ ಗೇರ್‌ಬಾಕ್ಸ್ ಹಾಕಿಸಿಕೊಂಡರು.

ನಮ್ಮ ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಸಿಗುತ್ತದೆ, ಆದರೆ ಕಾರು ವಾಪಸ್ ಕೊಟ್ಟು ಹಣ ಪಡೆಯುವ ದಾರಿ ಇಲ್ಲಿನಷ್ಟು ನೇರವಾಗಿಲ್ಲ. ಈ ವಿಷಯದಲ್ಲಿ ಬ್ರಿಟನ್ ಮುಂದಿದೆ ಅಂತಲೇ ನನ್ನ ಅಭಿಪ್ರಾಯ. ಆದರೆ ನಮ್ಮೂರಿನ ಒಂದು ಅಭ್ಯಾಸ ಇಲ್ಲಿಗಿಂತ ಮೇಲು. ಬೆಂಗಳೂರಿನಲ್ಲಿ ಹಳೇ ಕಾರು ನೋಡಲು ಹೋಗುವಾಗ ಗೊತ್ತಿರುವ ಮೆಕ್ಯಾನಿಕ್‌ನ ಕರೆದುಕೊಂಡು ಹೋಗುತ್ತೇವೆ, ಅಲ್ವಾ? ಇಲ್ಲಿ ಬಂದ ತಕ್ಷಣ ಫಳಫಳ ಶೋರೂಂ ನೋಡಿ ಅದನ್ನು ಮರೆಯುತ್ತೇವೆ. ದಾರಿಯಲ್ಲಿ ಕಾರು ಕೆಟ್ಟರೆ ನೆರವಿಗೆ ಬರುವ ಎಎ, ಆರ್‌ಎಸಿ ಕಂಪನಿಗಳು ಎರಡೂ ದುಡ್ಡು ತೆಗೆದುಕೊಂಡು ಕಾರು ಪರೀಕ್ಷಿಸಿ ವರದಿ ಕೊಡುತ್ತವೆ. ಎಂಒಟಿ ಪಾಸಾಗಿದೆ ಅಂತ ನೆಚ್ಚಿಕೊಳ್ಳಬೇಡಿ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಹೇಗಿವೆ ಅಂತ ಆ ಪರೀಕ್ಷೆ ನೋಡುವುದೇ ಇಲ್ಲ.

ಹಣ ಕೊಡುವಾಗ ಅಡ್ವಾನ್ಸನ್ನಾದರೂ ನಿಮ್ಮ ಕ್ರೆಡಿಟ್ ಕಾರ್ಡಿನಲ್ಲಿ ನೇರವಾಗಿ ಡೀಲರಿಗೇ ಕೊಡಿ. ಕಾರಿನ ಬೆಲೆ 100 ಪೌಂಡಿಗಿಂತ ಜಾಸ್ತಿ ಇದ್ದು 30,000 ಪೌಂಡ್ ದಾಟದಿದ್ದರೆ, 1974ರ ಕನ್ಸ್ಯೂಮರ್ ಕ್ರೆಡಿಟ್ ಆಕ್ಟ್‌ನ 75ನೇ ಸೆಕ್ಷನ್ ಪ್ರಕಾರ ಕಾರ್ಡ್ ಕಂಪನಿಯೂ ಡೀಲರ್ ಜೊತೆ ಸಮಾನ ಹೊಣೆ ಹೊರುತ್ತದೆ. ಕಾರ್ಡಿನಲ್ಲಿ ಕೊಟ್ಟದ್ದು ಸ್ವಲ್ಪವೇ ಆದರೂ ಪೂರ್ತಿ ಬೆಲೆಗೆ ಈ ರಕ್ಷಣೆ ಇದೆ. ಬ್ಯಾಂಕ್ ಟ್ರಾನ್ಸ್‌ಫರ್‌ಗೆ ಇಲ್ಲ.

ಬಿಲ್ಲಿನ ಮೇಲೆ "ಸೋಲ್ಡ್ ಆಸ್ ಸೀನ್" (ನೋಡಿದ ಹಾಗೇ ಮಾರಿದ್ದೇವೆ) ಅಂತ ಬರೆದುಬಿಟ್ಟರೆ ನಿಮ್ಮ ಹಕ್ಕು ಹೋಗುವುದಿಲ್ಲ. ಆದರೆ ಈ ರಕ್ಷಣೆಯೆಲ್ಲ ಡೀಲರ್ ಹತ್ತಿರ ಕೊಂಡಾಗ ಮಾತ್ರ. ಖಾಸಗಿ ವ್ಯಕ್ತಿಯಿಂದ ಕೊಂಡರೆ, ಕಾರು ಅವರದ್ದೇ ಆಗಿರಬೇಕು, ಹೇಳಿದ ಹಾಗೆ ಇರಬೇಕು, ಅದರಾಚೆ ಕೇಳಲು ಹೆಚ್ಚೇನಿಲ್ಲ. ಇದು ಗೊತ್ತಿದ್ದೇ ಕೆಲವು ವ್ಯಾಪಾರಿಗಳು ಮನೆಯ ಮುಂದೆ ಕಾರು ನಿಲ್ಲಿಸಿ "ನನ್ನ ಸ್ವಂತದ್ದು" ಅನ್ನುತ್ತಾರೆ. ಹಾಗೆ ಸುಳ್ಳು ಹೇಳುವುದು ಅಪರಾಧ. ಒಂದೇ ಫೋನ್ ನಂಬರಿನಲ್ಲಿ ನಾಲ್ಕಾರು ಕಾರಿನ ಜಾಹೀರಾತು ಕಂಡರೆ ದೂರ ಇರಿ.

ಡೀಲರ್ ಒಪ್ಪದಿದ್ದರೆ ಸಿಟಿಜನ್ಸ್ ಅಡ್ವೈಸ್ ಅನ್ನುವ ಸಲಹಾ ಸಂಸ್ಥೆಯವರನ್ನು ಪುಕ್ಕಟೆಯಾಗಿ ಕೇಳಬಹುದು. ಡೀಲರ್ ಮೋಟಾರ್ ಓಂಬುಡ್ಸ್‌ಮನ್ (ಕಾರು ವ್ಯಾಪಾರದ ದೂರು ಬಗೆಹರಿಸುವ ಸಂಸ್ಥೆ) ಸದಸ್ಯನಾಗಿದ್ದರೆ ಅಲ್ಲಿಗೂ ದೂರು ಕೊಡಬಹುದು. ಕೊನೆಗೆ ಕೋರ್ಟು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 10,000 ಪೌಂಡ್ ತನಕ ಸ್ಮಾಲ್ ಕ್ಲೇಮ್ಸ್ (ಸಣ್ಣ ಮೊತ್ತದ ದಾವೆ) ವ್ಯವಸ್ಥೆಯಲ್ಲಿ ವಕೀಲರಿಲ್ಲದೆ ಆನ್‌ಲೈನಿನಲ್ಲೇ ದಾವೆ ಹೂಡಬಹುದು, ಆರು ವರ್ಷದವರೆಗೆ ಅವಕಾಶ ಇದೆ. ಸ್ಕಾಟ್ಲೆಂಡಿನಲ್ಲಿ ಇಂಥದ್ದೇ ಸಿಂಪಲ್ ಪ್ರೊಸೀಜರ್‌ನಲ್ಲಿ ಮಿತಿ 5,000 ಪೌಂಡ್, ಅವಧಿ ಐದು ವರ್ಷ. "ಕೋರ್ಟಿಗೆ ಹೋದರೆ ವೀಸಾಕ್ಕೆ ತೊಂದರೆ ಆಗುತ್ತಾ?" ಅಂತ ನಮ್ಮವರು ಹೆದರಿ ಕೇಳುತ್ತಾರೆ. ನಿಮ್ಮ ಹಣ ನೀವು ಕೇಳಿ ದಾವೆ ಹೂಡಿದಿರಿ ಅನ್ನುವುದು ವೀಸಾ ನಿರಾಕರಿಸಲು ಕಾರಣ ಆಗುವುದಿಲ್ಲ.