ಸಪೋರ್ಟ್ ಗ್ರೂಪಿಗೆ ಯಾರೂ ಬರ್ಲಿಲ್ಲ, ಜೀಪಲ್ಲಿ ಎಲ್ರೂ ಮಾತಾಡಿದ್ರು

ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯೂ ಮುಗಿಸಿ ಕೌನ್ಸೆಲರ್ ಆಗಿ ದಕ್ಷಿಣ ಕೊಡಗಿಗೆ ಬಂದಾಗ ನನ್ನ ತಲೇಲಿ ಇದ್ದಿದ್ದು ಕಾಲೇಜಲ್ಲಿ ಕಲ್ತಿದ್ದೇ, ರೌಂಡಾಗಿ ಕುರ್ಚಿ ಹಾಕಿ ಕೂರ್ಸಿ ಮಾತಾಡ್ಸೋದು. ಸ್ತನ ಕ್ಯಾನ್ಸರ್ ಟ್ರೀಟ್ಮೆಂಟಲ್ಲಿದ್ದ ಹನ್ನೊಂದು ಜನಕ್ಕೆ ಫೋನ್ ಮಾಡಿ, ಗೋಣಿಕೊಪ್ಪದಲ್ಲಿ ಒಂದು ಹಾಲ್ ಕೇಳ್ಕೊಂಡು, ಕಾಫಿ ಬಿಸ್ಕೆಟ್ ಎಲ್ಲ ತರ್ಸಿಟ್ಟೆ. ಬಂದಿದ್ದು ನಾಲ್ಕೇ ಜನ. ಅದ್ರಲ್ಲೂ ಒಬ್ರು ಬಾಗ್ಲಲ್ಲೇ ನಿಂತು ಒಳಗೆ ಇಣುಕಿ, ಸೊಸೆ ತವರಿನ ಕಡೆಯವ್ರು ಕೂತಿರೋದು ಕಂಡು, ಯಾರನ್ನೋ ಹುಡುಕ್ಕೊಂಡು ಬಂದೋರ ಥರ ವಾಪಸ್ ಹೋದ್ರು. ನಮ್ಮ ಕೊಡಗೇ ಹಾಗೆ, ಮನೆ ಹೆಸ್ರು ಹೇಳಿದ್ರೆ ಸಾಕು ಯಾವ ಒಕ್ಕ ಅಂದ್ರೆ ಯಾವ ಕುಲ, ಯಾರಿಗೆ ಏನಾಗ್ಬೇಕು ಎಲ್ಲ ಗೊತ್ತಾಗ್ಬಿಡತ್ತೆ. ಮದ್ವೆಗಿರೋ ಮಗಳಿದ್ರಂತೂ ತಾಯಂದಿರು ಬಾಯೇ ಬಿಡಲ್ಲ. ಈ ಕ್ಯಾನ್ಸರಲ್ಲಿ ವಂಶದಿಂದ ಬರೋದು ನೂರಕ್ಕೆ 5ರಿಂದ 10 ಅಷ್ಟೇ ಅಂತ ನಾನು ಹೇಳ್ಬೋದು, ಸಂಬಂಧ ನೋಡೋಕೆ ಬರೋರು ಆ ಲೆಕ್ಕ ಕೇಳ್ತಾರಾ?

ಎರಡನೇ ತಿಂಗಳು ಹಾಲಲ್ಲಿ ನಾನು ಮತ್ತೆ ಕುರ್ಚಿಗಳು.

ದಾರಿ ಸಿಕ್ಕಿದ್ದು ದುಡ್ಡಿನ ಕಾರಣಕ್ಕೆ. ಕೀಮೋಗೆ ಇವ್ರೆಲ್ಲ ಮೈಸೂರಿಗೆ ಹೋಗ್ಬೇಕು, ಕೊಡಗಿಗೆ ರೈಲಿಲ್ಲ, ಬಸ್ಸಲ್ಲಿ ವಾಂತಿ ಮಾಡ್ಕೊಂಡು ಬರೋದು ನರಕ, ಒಬ್ಬೊಬ್ರೇ ಟ್ಯಾಕ್ಸಿ ಮಾಡಿದ್ರೆ ಚಿಕಿತ್ಸೆ ಆಯುಷ್ಮಾನ್ ಕಾರ್ಡಲ್ಲಿ ಆದ್ರೂ ಬಾಡಿಗೆಗೇ ಸಾಲ ಆಗತ್ತೆ. ಮೂರು ಜನಕ್ಕೆ 21 ದಿನಕ್ಕೊಂದ್ಸಲದ ಕೀಮೋ ಸೈಕಲ್ಲು ಒಂದೇ ವಾರದಲ್ಲಿ ಬರ್ತಿತ್ತು, ಡಾಕ್ಟರ್ ಹತ್ರ ಕೇಳಿ ಒಂದೇ ದಿನಕ್ಕೆ ಹಾಕ್ಸಿ ಒಂದು ಜೀಪ್ ಗೊತ್ತು ಮಾಡ್ದೆ. ಡ್ರೈವರ್ ಅಣ್ಣ ಹುಣಸೂರು ಕಡೆಯವ್ರು, ಇಲ್ಲಿ ನೆಂಟ್ರು ಪಂಟ್ರು ಯಾರೂ ಇಲ್ಲ, ಅದನ್ನ ನೋಡ್ಕೊಂಡೇ ಅವ್ರನ್ನ ಹಿಡಿದಿದ್ದು.

ಹೋಗ್ತಾ ಯಾರೂ ಮಾತಾಡ್ಲಿಲ್ಲ. ಬರ್ತಾ ಹುಣಸೂರಲ್ಲಿ ನಿಂಬೆ ಸೋಡ ಕುಡಿದು ಮತ್ತೆ ಹತ್ತಿದ್ಮೇಲೆ, ಆನೆಚೌಕೂರು ಕಾಡು ಶುರುವಾಗೋ ಹೊತ್ತಿಗೆ, ಹಿಂದೆ ಕೂತಿದ್ದ ಅಕ್ಕ ಮೆಲ್ಲಗೆ "ಸಿಸ್ಟರ್, ಹೋದ್ಸಲ ಮನೆಗೆ ಹೋಗಿ ಒಂದಕ್ಕೆ ಕೂತ್ರೆ ಕೆಂಪಗೆ ಹೋಯ್ತು, ರಕ್ತ ಅಂದ್ಕೊಂಡು ರಾತ್ರಿಯಿಡೀ ನಿದ್ದೆ ಮಾಡ್ಲಿಲ್ಲ, ಇವ್ರನ್ನೂ ಎಬ್ಬಿಸ್ಲಿಲ್ಲ" ಅಂದ್ರು. ನಾನು ಬಾಯಿ ತೆಗೆಯೋ ಮೊದ್ಲೇ ಪಕ್ಕದವ್ರು "ಅಯ್ಯೋ ನಂಗೂ ಹಂಗೇ ಆಯ್ತು, ನಾನು ಬೀಟ್ರೂಟ್ ಪಲ್ಯ ಅಂದ್ಕೊಂಡೆ" ಅಂದ್ರು. ಜೀಪೆಲ್ಲ ನಗು. ಅದು ಕೀಮೋದಲ್ಲಿ ಕೊಡೋ ಕೆಂಪು ಇಂಜೆಕ್ಷನ್ನಿನ ಬಣ್ಣ, ಒಂದೆರಡು ದಿನದಲ್ಲಿ ಸರಿ ಹೋಗತ್ತೆ, ಇದನ್ನ ಮೊದ್ಲೇ ಹೇಳ್ಬೇಕಿದ್ದಿದ್ದು ನಾನು, ಹೇಳಿರ್ಲಿಲ್ಲ. ಆವತ್ತಿಂದ ನೋಡ್ತಾ ಬಂದೆ, ಜೀಪಲ್ಲಿ ಒಬ್ರ ಮುಖ ಒಬ್ರು ನೋಡ್ಬೇಕಾಗಿಲ್ಲ, ಎಲ್ರ ಕಣ್ಣೂ ರೋಡ್ ಮೇಲೆ, ಗಂಡ ಅತ್ತೆ ಯಾರೂ ಇಲ್ಲ, ಹಾಗಾಗಿ ಗಂಡ ಈಗ ಬೇರೆ ರೂಮಲ್ಲಿ ಮಲಗ್ತಾರೆ ಅನ್ನೋ ಮಾತೂ ಅಲ್ಲೇ ಬಂತು, ನಾನು ಸತ್ರೆ ಹಂದಿಗೆ ಯಾರು ಅನ್ನ ಹಾಕ್ತಾರೆ ಅನ್ನೋದೂ ಅಲ್ಲೇ ಬಂತು.

ಕೂದಲು ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಉದುರತ್ತೆ. ಒಬ್ರಿಗೆ ಸರಿಯಾಗಿ ಅದೇ ಟೈಮಿಗೆ ಅಣ್ಣನ ಮಗನ ಮದ್ವೆ, ಹೋಗೋದೇ ಇಲ್ಲ ಅಂತ ಹಠ. ಜೀಪಲ್ಲಿದ್ದ ಹಿರಿಯರೊಬ್ರು "ನಮ್ಮಜ್ಜಿ ಕಾಲದ ಥರ ವಸ್ತ್ರ ಕಟ್ಕೊಂಡು ಹೋಗು" ಅಂದ್ರು. ಕೊಡವ್ತಿಯರು ತಲೆಗೆ ಕಟ್ಟೋ ವಸ್ತ್ರ ಈಗ ಕಮ್ಮಿ ಆಗಿದೆಯಲ್ಲ, ಇವ್ರು ಕಟ್ಕೊಂಡು ಹೋದ್ರೆ ಮದ್ವೆ ಮನೇಲಿ ಎಲ್ರೂ ಪದ್ಧತಿ ಬಿಟ್ಟಿಲ್ಲ ನೋಡಿ ಅಂತ ಹೊಗಳಿದ್ದೇ ಹೊಗಳಿದ್ದು! ಸೀರೆಯದು ಇನ್ನೊಂದು ಕಷ್ಟ. ಕೊಡಗು ಸೀರೆ ಸೆರಗು ಎಡಗೈ ಕೆಳಗಿಂದ ಬಂದು ಎದೆ ಮೇಲೆ ಬಿಗಿಯಾಗಿ ಹಾದು ಬಲ ಭುಜಕ್ಕೆ ಪಿನ್ ಆಗತ್ತೆ, ಎದೆ ತೆಗೆದ ಕಡೆ ಖಾಲಿ ಅನ್ನೋದು ಎದ್ದು ಕಾಣತ್ತೆ. ಟೈಲರಿಂಗ್ ಗೊತ್ತಿದ್ದವ್ರೊಬ್ರು ಮೆತ್ತನೆ ಕಾಟನ್ ಚೀಲ ಹೊಲಿದು ಹತ್ತಿ ತುಂಬಿದ್ರು, ಹಗುರ ಆಗಿ ಮೇಲಕ್ಕೆ ಜರುಗ್ತಿತ್ತು, ಆಮೇಲೆ ಒಳಗೆ ಸಾಸಿವೆ ಹಾಕಿ ತೂಕ ಸರಿ ಮಾಡಿದ್ರು. ಗಾಯ ಪೂರ್ತಿ ಒಣಗಿದ ಮೇಲೇ ಹಾಕ್ಕೋಬೇಕು ಅನ್ನೋದು ಮಾತ್ರ ನನ್ನ ಕಂಡೀಷನ್.

ತೋಟದ ಕಾರ್ಮಿಕರು ಇರೋ ಲೈನ್ ಮನೆ ಕಥೆ ಬೇರೆ. ಅಲ್ಲಿ ಒಬ್ರಿಗೆ ಅತ್ತೆ ತಟ್ಟೆ ಲೋಟ ಬೇರೆ ಇಟ್ಟಿದ್ರು, ಅಂಟತ್ತೆ ಅಂತ. ಅಂಟಲ್ಲ ಅಂತ ಮೂರು ಸಲ ಹೇಳಿ ಸುಸ್ತಾಗಿ ಒಂದಿನ ಆಕೆ ಅರ್ಧ ಕುಡಿದಿಟ್ಟ ಬೆಲ್ಲದ ಕಾಫಿ ಲೋಟ ತಗೊಂಡು ಅತ್ತೆ ಮುಂದೇನೇ ಕುಡಿದ್ಬಿಟ್ಟೆ. ಮುದುಕಿ ಕಣ್ಣು ಬಿಟ್ಕೊಂಡು ನೋಡಿದ್ರು. ಮುಂದಿನ ತಿಂಗಳು ಹೋದಾಗ ಲೋಟಗಳೆಲ್ಲ ಒಂದೇ ಕಡೆ ಇತ್ತು. ಕಂಕುಳಿನ ಗಂಟು ತೆಗೆದಿದ್ರಿಂದ ಆ ಕಡೆ ಕೈ ಊದೋ ಭಯ, ಕುಯ್ಲಲ್ಲಿ ಕಾಫಿ ಚೀಲ ಹೊರೋ ಹಾಗಿಲ್ಲ. ತೋಟದ ಕೆಲಸ, ಲೆಕ್ಕ ನೋಡೋ ರೈಟರ್‌ಗೆ ಏನು ಹೇಳೋದು ಅಂತ ಆಕೆಯನ್ನೇ ಕೇಳ್ದೆ. "ಕೈ ಆಪರೇಷನ್ ಅನ್ನಿ ಮೇಡಂ." ಅಷ್ಟೇ ಹೇಳ್ದೆ, ಕಣದಲ್ಲಿ ಕೆಲಸ ಕೊಟ್ರು.

ಎಲ್ಲಾ ಜೀಪಲ್ಲೇ ಬಗೆಹರಿಯಲ್ಲ. ತೋಟದ ಕೆರೆ ಕಡೆ ಹೋದ್ರೆ ಏನೇನೋ ಅನ್ಸತ್ತೆ ಅಂದವ್ರೊಬ್ರಿದ್ರು. ಸಾಯ್ಬೇಕು ಅನ್ಸತ್ತಾ ಅಂತ ನೇರವಾಗೇ ಕೇಳ್ದೆ, ಕೇಳಿದ್ರೆ ಇಲ್ಲದ ಯೋಚನೆ ಬರತ್ತೆ ಅನ್ನೋದು ಸುಳ್ಳು. ಹೂಂ ಅಂದ್ರು. ಒಬ್ರೇ ಇರೋಕೆ ಬಿಡ್ಬೇಡಿ ಅಂತ ತಂಗಿಗೆ ಹೇಳಿ, ಆವತ್ತೇ ನಾನೇ ಕರ್ಕೊಂಡು ಹೋಗಿ ಸೈಕಿಯಾಟ್ರಿಸ್ಟ್‌ಗೆ ತೋರ್ಸಿದೆ. ಅಲ್ಲೊಂದು ವಿಷ್ಯ, ಸ್ತನ ಕ್ಯಾನ್ಸರ್ ಮತ್ತೆ ಬರ್ದಿರ್ಲಿ ಅಂತ ಕೊಡೋ ಟಾಮೋಕ್ಸಿಫೆನ್ ಮಾತ್ರೆ ತಗೋತಿದ್ರೆ ಮೊದ್ಲೇ ಹೇಳ್ಬೇಕು, ಫ್ಲುಆಕ್ಸೆಟಿನ್, ಪ್ಯಾರಾಕ್ಸೆಟಿನ್ ಥರದ ಖಿನ್ನತೆ ಮಾತ್ರೆ ಅದ್ರ ಕೆಲಸಕ್ಕೆ ಅಡ್ಡ ಬರತ್ತೆ, ಡಾಕ್ಟರ್ ಬೇರೆ ಕೊಡ್ತಾರೆ. ಮಾನಸಿಕ ಆರೋಗ್ಯಕ್ಕಿರೋ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಎಲ್ರ ಫೋನಲ್ಲೂ ಹಾಕ್ಕೊಟ್ಟಿದೀನಿ, ಕನ್ನಡದಲ್ಲೇ ಮಾತಾಡ್ತಾರೆ, ಆದ್ರೆ ಜುಲೈ ಮಳೇಲಿ ಕರೆಂಟು ನೆಟ್ವರ್ಕು ಎರಡೂ ಇಲ್ದಿರೋ ಮನೆಗಳಿಗೆ ನಾನು ಆಶಾ ಅವ್ರ ಜೊತೆ ನಡ್ಕೊಂಡೇ ಹೋಗ್ಬೇಕು, ಜಿಗಣೆ ಕಚ್ಚಿಸ್ಕೊಂಡು.

ಬೀಟ್ರೂಟ್ ಅಕ್ಕನ ಕೀಮೋ ಮುಗಿದು ವರ್ಷ ದಾಟಿದೆ. ಈಗ್ಲೂ ಜೀಪ್ ಹೊರಡೋ ದಿನ ಬೆಳಿಗ್ಗೆ ಐದೂವರೆಗೆ ರೋಡಲ್ಲಿ ನಿಂತಿರ್ತಾರೆ, ತಮ್ಮ ಪಾಲಿನ ಬಾಡಿಗೆ ಕೈಲಿ ಹಿಡ್ಕೊಂಡು. ಯಾಕಕ್ಕ ಅಂತ ಕೇಳಿದ್ರೆ ದೇವರಾಜ ಮಾರ್ಕೆಟಲ್ಲಿ ವೀಳ್ಯದೆಲೆ ತಗೋಬೇಕಿತ್ತು ಅಂತಾರೆ. ಹೋದ್ಸಲ ಹೊಸದಾಗಿ ಬಂದ ಹುಡುಗಿ ಪಕ್ಕ ಕೀಮೋ ಮುಗಿಯೋ ತನಕ ಕೂತಿದ್ರು, ಎಲೆ ತರೋದು ಮರ್ತೇ ಹೋಗಿತ್ತು.